ಒಳಗೆ ತಂದ ಗ್ಲಾಸು

“ಗಾಜು ತಾನ ಕಾಣಂಗಿಲ್ಲ. ಅದರ ಹಿಂದ ಏನೈತಿ, ಅದು ಕಾಣತೈತಿ. ಅದನ್ನ ಬರೀರಿ,” ಎಂದಿದ್ದರು ಹಳಿಯಾಳದ ಶಾಲೆಯ ನಮ್ಮ ಡ್ರಾಯಿಂಗ್ ಮಾಸ್ತರರು. ನಾನು ಆಗ ಏಳನೇ ಇಯತ್ತೆ. ಸೋಮವಾರದೊಳಗೆ ನೀರು ತುಂಬಿದ ಗ್ಲಾಸಿನ ಚಿತ್ರ ಬರೆದು ಒಯ್ಯಬೇಕಿತ್ತು.

ನಮ್ಮ ಮನೆಯಲ್ಲಿ ಎಲ್ಲವೂ ಹಿತ್ತಾಳೆ, ತಾಮ್ರ. ಗಾಜಿನದೆಂದರೆ ಒಂದೇ ಒಂದು ಗ್ಲಾಸು, ಅದೂ ಹಿತ್ತಲ ಗೋಡೆಯ ಗೂಡಿನಲ್ಲಿ ಬೋರಲು ಬಿದ್ದಿರುತ್ತಿತ್ತು. ಕೂಲಿಗೆ ಬರುತ್ತಿದ್ದ ಸಿದ್ದಿ ಹೆಂಗಸು ಅದರಲ್ಲಿ ಚಹಾ ಕುಡಿದು, ತಾನೇ ತೊಳೆದಿಡುತ್ತಿದ್ದಳು. ಅದು ಹೊಸ್ತಿಲು ದಾಟಿ ಒಳಗೆ ಬರುವ ಹಾಗಿರಲಿಲ್ಲ. ಅಜ್ಜಿಯ ಕಟ್ಟಳೆ. ಅಜ್ಜಿಯ ಎದುರು ಅಪ್ಪನೇ ಉಸಿರೆತ್ತುತ್ತಿರಲಿಲ್ಲ, ಇನ್ನು ನಾನು ಯಾವ ಗಿಡದ ತಪ್ಪಲು!

ಆದರೂ ಅಜ್ಜಿ ಮಧ್ಯಾಹ್ನ ಅಡ್ಡಾಗಿದ್ದಾಗ ಆ ಗ್ಲಾಸನ್ನು ನಾನು ಒಳಗೆ ತಂದೆ. ಬೆಳಕು ಚೆನ್ನಾಗಿದ್ದದ್ದು ಅಡಿಗೆಮನೆಯ ಕಿಟಕಿಯಲ್ಲಿ ಮಾತ್ರ. ನೀರು ತುಂಬಿ ಅಲ್ಲಿಟ್ಟೆ. ಕಿಟಕಿಯ ಕಂಬಿಗಳು, ಕಂಬಿಗೆ ಕಟ್ಟಿದ್ದ ಅಜ್ಜಿಯ ವಿಭೂತಿ ಚೀಲ, ಎಲ್ಲ ನೀರಿನೊಳಗೆ ದಪ್ಪಗಾಗಿ, ಮುರಿದ ಹಾಗೆ ಕಂಡವು. ಹಾಗೇ ಬರೆದೆ. ಹಾಳೆಯ ಮೇಲೆ ಗಾಜು ಎದ್ದು ನಿಂತಿತು! ಅಷ್ಟರಲ್ಲಿ ಅಜ್ಜಿ ಕೆಮ್ಮಿದ್ದೇ ತಡ, ಹಾಳೆ ಎತ್ತಿಕೊಂಡು ಹಿತ್ತಲಿಗೆ ಓಡಿದೆ. ಗ್ಲಾಸು ಅಲ್ಲೇ ಉಳಿಯಿತು.

“ಶಿವಶಿವಾ! ಇದನ್ನ ಒಳಗ ಯಾರ ತಂದ್ರು?”

ಅಜ್ಜಿಯ ಕೂಗಿಗೆ, ಹಿತ್ತಲಲ್ಲಿ ಅಕ್ಕಿ ಕೇರುತ್ತಿದ್ದ ಆ ಹೆಂಗಸು ಎದ್ದು ನಿಂತಳು.

“ನಾ ಹೊಸ್ತಲಾ ದಾಟಿಲ್ರಿ, ಅವ್ವಾರ.”

“ಮತ್ತ ಗ್ಲಾಸಿಗೆ ಕಾಲ ಬಂದಾವೇನ? ನಾಳಿಂದ ಬರಬ್ಯಾಡ ನೀ.”

“ಹಿಂಗಂದ್ರ ಹೆಂಗ್ರಿ? ಮಕ್ಕಳ ಹೊಟ್ಟಿಗೆ ಏನ ಹಾಕ್ಲಿ?”

ಅಜ್ಜಿ ಜಗ್ಗಲಿಲ್ಲ. ಆ ಹೆಂಗಸು ನನ್ನತ್ತ ತಿರುಗಿದಳು. ನನ್ನ ಬೆರಳೆಲ್ಲ ಪೆನ್ಸಿಲಿನ ಕಪ್ಪು. ಅದನ್ನು ನೋಡಿದಳು, ನಾನು ಬಾಯಿ ಬಿಡಲೆಂದು ಕಾದಳು. ನಾನು ಕೈಗಳನ್ನು ಪರಕಾರದ ನೆರಿಗೆಯಲ್ಲಿ ಮುಚ್ಚಿಕೊಂಡೆ. ಹೇಳಬೇಕು, ಹೇಳಬೇಕು ಅಂದುಕೊಳ್ಳುತ್ತಲೇ ಇದ್ದೆ. ಎಂಥ ಪುಕ್ಕಲಿ ನಾನು! ಆಕೆ ಮೊರವನ್ನು ಗೋಡೆಗೆ ಒರಗಿಸಿ ಹೋದಳು. ಮತ್ತೆ ಬರಲಿಲ್ಲ.

ಆಮೇಲೆ ಹಾಳೆ ಬಿಚ್ಚಿ ನೋಡಿದೆ. ಆ ವಿಭೂತಿ ಚೀಲ ಯಾರದೆಂದು ಕುರುಡರೂ ಹೇಳುತ್ತಿದ್ದರು. ಗ್ಲಾಸನ್ನು ಒಳಗೆ ತಂದವಳು ನಾನೇ ಎಂಬುದಕ್ಕೆ ಬೇರೆ ಸಾಕ್ಷಿಯೇ ಬೇಕಿರಲಿಲ್ಲ. ರಬ್ಬರು ತಗೊಂಡು ಚೀಲ ಅಳಿಸಿದೆ, ಕಂಬಿಗಳನ್ನೂ ಅಳಿಸಿದೆ. ಅವುಗಳ ಜೊತೆ ಗಾಜೂ ಹೋಗಿ ಬರೀ ಒಂದು ಗೆರೆ ಉಳಿಯಿತು.

ಸೋಮವಾರ ಮಾಸ್ತರರು ಹಾಳೆಯನ್ನು ಎತ್ತಿ ಹಿಡಿದು, “ಗ್ಲಾಸಿನ ಹಿಂದ ಏನಿತ್ತವಾ?” ಎಂದು ಕೇಳಿದರು.

“ಏನೂ ಇದ್ದಿಲ್ರಿ, ಸರ,” ಅಂದೆ.