ಹೊಟ್ಟೆ ಒಡೆದು ಆಡಿದ ಮಾತು

ಜರ್ಮನಿಯ ಡ್ರೆಸ್ಡೆನ್ನಿನ ಚಿಪ್ ಫ್ಯಾಕ್ಟರಿಯಲ್ಲಿ ನನ್ನ ಪಕ್ಕದ ಮೇಜಿನವನು ಹಾಂಗ್‌ಕಾಂಗಿನವನು. ಇಬ್ಬರದ್ದೂ ಟೆಂಪರರಿ ಕೆಲಸ. ಖಾಯಂ ಆಗುವುದು ಒಬ್ಬನಿಗೆ ಮಾತ್ರ ಎಂದು ಬಾಸ್ ಮೊದಲೇ ಹೇಳಿಬಿಟ್ಟಿದ್ದಳು. ಈ ದೇಶದಲ್ಲಿರಲು ಬೇಕಾದ ನನ್ನ ಬ್ಲೂ ಕಾರ್ಡ್ ವೀಸಾ ನಿಂತಿದ್ದೇ ಆ ಕೆಲಸದ ಮೇಲೆ. ಮಗಳಿಗೆ ಕಾದು ಕಾದು ಕಿಟಾದಲ್ಲಿ, ಅಂದರೆ ಇಲ್ಲಿಯ ಶಿಶುವಿಹಾರದಲ್ಲಿ, ಸೀಟು ಸಿಕ್ಕಿತ್ತು, ಬೆಳಿಗ್ಗೆ ಬಿಟ್ಟು ಬರುವಾಗ ಅಳುವುದನ್ನೂ ನಿಲ್ಲಿಸಿದ್ದಳು. ಹೀಗಿರುವಾಗ ಈ ಮಾರಾಯ ನನ್ನ ಹತ್ತಿರ ಯಾಕಿಷ್ಟು ನಗುನಗುತ್ತಾ ಇರಬೇಕು?

ಅವನಪ್ಪ ಕ್ಯಾಂಟನೀಸ್ ಸಂಗೀತ ನಾಟಕದ ನಟ. ಹಾಗಾಗಿ ಇವನ ಬಾಯಲ್ಲಿ ಬರೀ ರಂಗದ ಮಾತು. ನಾನು ಏನಾದರೂ ತಪ್ಪಿದರೆ ‘ಚೋಂಗ್ ಬಾನ್’ ಅನ್ನುತ್ತಿದ್ದ, ಹಾಡುವವನು ತಾಳ ತಪ್ಪಿ, ತಾಳ ಹಾಕುವ ಹಲಗೆಗೆ ಡಿಕ್ಕಿ ಹೊಡೆದ ಎಂದು ಅರ್ಥ. ಅವರಲ್ಲಿ ನಾಟಕ ನೋಡದವರೂ ಎಡವಟ್ಟಿಗೆ ಹಾಗೇ ಹೇಳುತ್ತಾರಂತೆ. ಮಾತು ಮರೆತಾಗ ಅಲ್ಲೇ ಹೊಸೆದು ಹೇಳಿದರೆ ‘ಬಾವ್ ತೋ’, ಹೊಟ್ಟೆ ಒಡೆಯುವುದು.

“ಜೊತೆಯವನು ಮರೆತರೆ ನಾವು ಹೊಟ್ಟೆ ಒಡೆದು ಅವನನ್ನು ಉಳಿಸಬೇಕು,” ಎಂದ ಒಮ್ಮೆ, ಕ್ಯಾಂಟೀನಿನಲ್ಲಿ ಆಲೂಗಡ್ಡೆ ಚುಚ್ಚುತ್ತಾ.

ನಾನು ಉಡುಪಿ ಕಡೆಯವನು, ವೇಷವಿಲ್ಲದೆ ಕೂತು ಮಾತಲ್ಲೇ ಪ್ರಸಂಗ ಆಡುವ ತಾಳಮದ್ದಲೆ ಕೇಳಿ ಬೆಳೆದವನು. ನಯವಾಗಿ ಮಾತಾಡುವ ಅರ್ಥಧಾರಿ ಎದುರಿನವನನ್ನು ಹೇಗೆ ಕಟ್ಟಿಹಾಕುತ್ತಾನೆಂದು ನನಗೆ ಗೊತ್ತಿಲ್ಲವಾ? ಬಾಯಿ ಬೆಲ್ಲ, ಕರುಳು ಕತ್ತರಿ ಅಂದುಕೊಂಡೆ. ಅವತ್ತೇ ನನ್ನ ಫೈಲುಗಳಿಗೆಲ್ಲ ಪಾಸ್‌ವರ್ಡ್ ಹಾಕಿದೆ.

ಕೊನೆಯ ಪ್ರೆಸೆಂಟೇಶನ್ ಇಬ್ಬರೂ ಒಟ್ಟಿಗೆ ಕೊಡಬೇಕಿತ್ತು. ನನ್ನ ಭಾಗದ ನಡುವೆ ಬಾಸ್ ಒಂದು ಪ್ರಶ್ನೆ ಎಸೆದಳು. ನನ್ನ ತಲೆ ಖಾಲಿ. ಅವನು ತಟ್ಟನೆ ಬಾಯಿ ಹಾಕಿದ, ನನ್ನ ಪ್ರಯೋಗವನ್ನು ತಾನೇ ಮಾಡಿದವನ ಹಾಗೆ ಸಲೀಸಾಗಿ ವಿವರಿಸಿದ. ಆಮೇಲೆ ನಿಲ್ಲಿಸಿ ನನ್ನ ಮುಖ ನೋಡಿದ. ನನಗೆ ಮೈಯೆಲ್ಲ ಉರಿದುಹೋಯಿತು. ಈಗ ಬಾಯಿಬಿಟ್ಟರೆ ಇನ್ಯಾವ ಗುಂಡಿಗೆ ಕೆಡವುತ್ತಾನೋ ಎಂದು ತುಟಿ ಬಿಗಿದು ನಿಂತೆ. ಸ್ವಲ್ಪ ಹೊತ್ತು ನೋಡಿ, ಉಳಿದದ್ದನ್ನೂ ಅವನೇ ಹೇಳಿ ಮುಗಿಸಿದ.

ಕೆಲಸ ಅವನಿಗಾಯಿತು. ನನಗೆ ಬೇರೆಲ್ಲೂ ಸಿಗಲಿಲ್ಲ.

ನಾವು ಊರಿಗೆ ಹೊರಡುವ ಹಿಂದಿನ ದಿನ ಅವನು ಟ್ರಾಮ್ ಸ್ಟಾಪಿಗೆ ಬಂದ. “ಮಾತು ನಿನಗೆ ಬಿಟ್ಟುಕೊಟ್ಟು ಕಾದೆನಲ್ಲ, ಯಾಕೆ ಎತ್ತಿಕೊಳ್ಳಲಿಲ್ಲ?” ಎಂದು ಕೇಳಿದ. ತಾಳಮದ್ದಲೆಯಲ್ಲೂ ಒಳ್ಳೆಯ ಅರ್ಥಧಾರಿ ಎದುರಿನವನು ತಡವರಿಸಿದರೆ ಒಂದು ಎಳೆ ಕೊಟ್ಟು ಹೀಗೇ ಸುಮ್ಮನಾಗುತ್ತಾನೆ; ಅದು ನನಗೆ ನೆನಪಾದದ್ದು ಆಗಲೇ. ಟ್ರಾಮ್ ಬಂತು, ಹತ್ತಿದೆ.

ಮನೆಯಲ್ಲಿ ಹೆಂಡತಿ ಕುಕ್ಕರಿಗೆ ಹಳೇ ಪೇಪರ್ ಸುತ್ತುತ್ತಿದ್ದಳು. “ಅವನು ಬೇಕಂತಲೇ ಮಾತು ಕಿತ್ತುಕೊಂಡದ್ದಾ?” ಎಂದಳು.

“ಮತ್ತೆಂತ?” ಎಂದೆ. ಬೇರೆ ಎಂತ ಹೇಳಲಿ ಅವಳಿಗೆ?