ಏಳು ಚೀಲ ಸಿಮೆಂಟಿನ ಚಂದವ್ವ

ಕಲ್ಯಾಣದಿಂದ ಮುರಬಾಡ ರಸ್ತೆ ಹಿಡಿದು ಎಸ್‌ಟಿ ಬಸ್ಸಿನಲ್ಲಿ ಒಂದೂವರೆ ಗಂಟೆ ಹೋದರೆ, ಮುತ್ತುಗದ ಮರಗಳು ಎಲೆ ಬಿಟ್ಟುಕೊಟ್ಟು ಬರೀ ಹೂವಾಗಿ ನಿಂತ ಗುಡ್ಡದ ಬುಡದಲ್ಲಿ ನಮ್ಮ ‘ಮೃಣ್ಮಯ’ ಇದೆ. ಪೇಟೆಯ ಬದುಕನ್ನು ಧಿಕ್ಕರಿಸಿದ ಹದಿನಾಲ್ಕು ಜನ ಸೇರಿ ಕಟ್ಟಿಕೊಂಡ ಊರು. ಧಿಕ್ಕಾರ ಶನಿವಾರ ಬೆಳಿಗ್ಗೆ ಆರಂಭವಾಗಿ ಭಾನುವಾರ ಸಂಜೆ ಮುಗಿಯುತ್ತಿತ್ತು. ಸೋಮವಾರ ಎಲ್ಲರಿಗೂ ಆಫೀಸು. ಉಳಿದ ಐದು ದಿನ ಊರನ್ನು ಊರಾಗಿ ಉಳಿಸಿದವಳು ಚಂದವ್ವ.

ಕಲಬುರಗಿ ಕಡೆಯ ಗಾರೆ ಕೆಲಸದ ಹೆಂಗಸು. ವಾಶಿ, ಖಾರಘರ, ಡೊಂಬಿವಿಲಿ ಎಂದು ಅವಳೂ ಗಂಡ ಮಾಪಣ್ಣನೂ ಹನ್ನೊಂದು ಕಟ್ಟಡ ಎಬ್ಬಿಸಿದ್ದರು. ಪ್ರತಿ ಕಟ್ಟಡದ ಬುಡದಲ್ಲೂ ಇವರದೊಂದು ತಗಡಿನ ಗುಡಿಸಲು. ಕಟ್ಟಡ ಮುಗಿದ ವಾರವೇ ಅದು ನೆಲಸಮ. “ಬಣ್ಣದ ಡಬ್ಬಿ ಬಂತಂದ್ರ ನಾ ಬಾಂಡೆ ಸಾಮಾನ್ ಗಂಟ್ ಕಟ್ಟಾಕ ಸುರು ಮಾಡ್ತಿದ್ದೆರಿ. ಯಾರೂ ಹೇಳೂದೇ ಬ್ಯಾಡ,” ಎಂದು ನಗುತ್ತಿದ್ದಳು.

ಅವರಿಬ್ಬರನ್ನು ಸಂಬಳ ಗೊತ್ತುಮಾಡಿ ಕಾವಲಿಗೆಂದು ಮೃಣ್ಮಯಕ್ಕೆ ಕರೆತಂದವರು ಸಂಕರ್ಷಣರು. ಉಡುಪಿ ಕಡೆಯವರು. ಡೊಂಬಿವಿಲಿಯ ಎರಡು ಹೋಟೆಲು ಮಾರಿ ಈ ಜಾಗ ಕೊಂಡವರು. ಮಣ್ಣಿನ ಮನೆ ಕಟ್ಟುವ ಹತ್ತು ದಿನಗಳ ಶಿಬಿರ ಮುಗಿಸಿ ಬಂದಮೇಲೆ, ಮಣ್ಣನ್ನು ಕಂಡುಹಿಡಿದವರೇ ತಾವು ಎಂಬಂತೆ ಮಾತಾಡುತ್ತಿದ್ದರು. ಅವರ ಮಾರ್ಗದರ್ಶನದಲ್ಲಿ ನಮ್ಮ ಕೈಯಾರೆ ಎದ್ದದ್ದು ಸಭಾಮನೆ. ಒಂದು ಚಿಟಿಕೆ ಸಿಮೆಂಟಿಲ್ಲ ಎಂಬುದೇ ಅದರ ಕೀರ್ತಿ. ಸಂಕರ್ಷಣರ ಹೆಂಡತಿ ಸುಗುಣಾ ಆ ಗೋಡೆಗೆ ಕಿವಿಯಿಟ್ಟು ಭೂಮಿಯ ಉಸಿರು ಕೇಳಿಸಿಕೊಳ್ಳುತ್ತಿದ್ದರು.

ಮೃಣ್ಮಯದ ನಿಯಮ ಎರಡೇ. ಸಭೆಯಲ್ಲಿ ಹೊಳೆಯ ಕಲ್ಲೊಂದು ಕೈಯಿಂದ ಕೈಗೆ ಹೋಗುತ್ತದೆ. ಕಲ್ಲು ಹಿಡಿದವರು ನಿಜವನ್ನೇ ಆಡಬೇಕು, ಉಳಿದವರು ಬಾಯಿ ಬಿಡಬಾರದು. ಎರಡನೆಯದು, ಏಳು ವಸಂತ ಇಲ್ಲೇ ವಾಸ ಮಾಡಿದವರು ‘ಸಹವಾಸಿ’. ಅವರನ್ನು ಅವರ ಮನೆಯಿಂದ ಯಾರೂ ಎಬ್ಬಿಸುವಂತಿಲ್ಲ. ಬರೆದವರು ನಾವೇ. ಏಳು ವಸಂತ ನಿಜಕ್ಕೂ ವಾಸ ಮಾಡುವವರು ಒಬ್ಬರಾದರೂ ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಮೂರನೆಯ ವರ್ಷ ಮಾಪಣ್ಣ ಕಾಮಾಲೆಯಲ್ಲಿ ತೀರಿಕೊಂಡ. ಚಂದವ್ವ ಜಾಗ ಬಿಟ್ಟು ಹೋಗಲಿಲ್ಲ. ಮಾವಿನ ಮರದ ಪಕ್ಕ ಇಬ್ಬರೂ ಸೇರಿ ಕಟ್ಟಿದ್ದ ಮಣ್ಣಿನ ಕೋಣೆಯಲ್ಲಿ ಒಬ್ಬಳೇ ಇದ್ದು ವಸಂತಗಳನ್ನು ಎಣಿಸಿದಳು. ಬಾಗಿಲ ಚೌಕಟ್ಟಿನ ಮೇಲೆ ಯುಗಾದಿಗೊಂದರಂತೆ ಸುಣ್ಣದ ಬೊಟ್ಟು. ಈ ವರ್ಷ ಏಳನೆಯದು ಇಟ್ಟಳು.

ಯುಗಾದಿಯ ಬೆಳಿಗ್ಗೆ ಸಭಾಮನೆಯಲ್ಲಿ ದುಂಡಗೆ ಕೂತೆವು. ವಾಡಿಕೆಯಂತೆ ಪ್ರತಿಯೊಬ್ಬರೂ ‘ನಾನು ಈ ಮಣ್ಣಿಗೆ ಏನು ಕೊಟ್ಟೆ’ ಎಂದು ಹೇಳಬೇಕು. ಸಂಕರ್ಷಣರು ತಮ್ಮ ಅಹಂಕಾರವನ್ನು ಕೊಟ್ಟರು. ಏಳು ವರ್ಷದಿಂದ ಕೊಡುತ್ತಿದ್ದಾರೆ, ದಾಸ್ತಾನು ಕರಗಿಲ್ಲ. ಸುಗುಣಾ ಮೌನ ಕೊಟ್ಟರು, ಇಪ್ಪತ್ತು ನಿಮಿಷ ಮಾತಾಡಿ. ಕಲ್ಲು ಚಂದವ್ವನ ಕೈಗೆ ಬಂತು. ಸಹವಾಸಿಯಾಗುವ ದಿನವೆಂದು ಹಸಿರು ಇಳಕಲ್ ಉಟ್ಟಿದ್ದಳು.

“ನಾ ಏಳ್ ಚೀಲ ಸಿಮಿಟ್ ಕೊಟ್ಟೀನ್ರಿ,” ಎಂದಳು.

ಎಲ್ಲರೂ ನಕ್ಕೆವು. ಅವಳೂ ನಕ್ಕಳು. ಸಂಕರ್ಷಣರು ನಗುತ್ತಲೇ ಕೇಳಿದರು, “ಎಲ್ಲಿಗೆ ಕೊಟ್ಟದ್ದು ಮಾರಾಯ್ತಿ?”

“ಇಲ್ಲೇ ರಿ. ನೀವ್ ಬೆನ್ನ್ ಹಚ್ಚಿ ಕುಂತೀರಲ್ಲ, ಆ ಗ್ವಾಡಿಗಿ.”

ಸಂಕರ್ಷಣರು ಗೋಡೆಯಿಂದ ಬೆನ್ನನ್ನು ಮೆಲ್ಲಗೆ ಬಿಡಿಸಿಕೊಂಡರು.

“ಮೊದಲ್ನೇ ಮಳಿಗಾಲದಾಗ ಅರ್ಧ ಗ್ವಾಡಿ ಬಿದ್ದಿತ್ತರಿ. ಸೋಮವಾರ ಬಿತ್ತು, ನಿಮಗ್ ಗೊತ್ತಾಗ್ಲಿಲ್ಲ. ಶನಿವಾರ ಬರೂದ್ರಾಗ ನಾವಿಬ್ರೂ ಮತ್ತ ಎಬ್ಬಿಸಿದ್ವಿ. ಭಾಳ ಸೊಟ್ಟ ಅದರಿ ಇದು, ಬರೇ ಮಣ್ಣಾಗ ನಿಂದ್ರಂಗಿಲ್ಲ. ನಿಮ್ ತಲಿ ಮ್ಯಾಲ ಬಿದ್ರ ಏನ್ ಗತಿ? ಅದಕ್ಕ ವರ್ಸಕ್ಕೊಂದ್ ಚೀಲ, ಸೆಗಣಿ ಬುಟ್ಟ್ಯಾಗ ಮುಚ್ಚಿ ತಂದು ಹಾಕೀನಿ. ನಮ್ದೇ ಪಗಾರದಾಗ.”

ಶಹಬ್ಬಾಸ್ ಎನ್ನುತ್ತಾರೆಂದು ಎಲ್ಲರ ಮುಖ ನೋಡಿದಳು.

“ಅಂದ್ರೆ ಏಳು ವರ್ಷ ನಾನು ಕಿವಿಯಿಟ್ಟದ್ದು ಸಿಮೆಂಟಿಗಾ?” ಎಂದು ಸುಗುಣಾ ಅಳತೊಡಗಿದರು.

ಗೋಡೆ ಕೆಡವಬೇಕೆಂದು ಯಾರೋ ಅಂದರು. ಮೇ ತಿಂಗಳಲ್ಲಿ ಇದೇ ಸಭಾಮನೆಯಲ್ಲಿ ನಾವು ನಡೆಸುವ ಶಿಬಿರಕ್ಕೆ ನಲವತ್ತು ಜನ ಹೆಸರು ಕೊಟ್ಟಾಗಿದೆ ಎಂದು ಇನ್ಯಾರೋ ನೆನಪಿಸಿದರು. ಸಂಕರ್ಷಣರು ಕಣ್ಣು ಮುಚ್ಚಿ ತೆರೆದರು. “ಗೋಡೆದು ಎಂತ ತಪ್ಪು? ಅದು ಜಡ. ನಮಗೆ ಸುಳ್ಳು ಹೇಳಿದ್ದು ಗೋಡೆಯಾ?”

“ನಾ ಸುಳ್ಳ್ ಯಾವಾಗ್ ಹೇಳೀನ್ರೀ ಯಪ್ಪಾ? ಯಾರೂ ಕೇಳೇ ಇಲ್ಲ!”

“ಕಲ್ಲು ಕೊಡು ಚಂದವ್ವ.”

ಕೊಟ್ಟಳು. ಆಮೇಲೆ ಅವಳು ಮಾತಾಡುವಂತಿರಲಿಲ್ಲ. ಕಲ್ಲು ಸುತ್ತು ಬಂತು. ತಮಗೆಷ್ಟು ನೋವಾಯಿತೆಂದು ಒಬ್ಬೊಬ್ಬರೂ ಹೇಳಿದರು; ಒಬ್ಬರ ನೋವು ಇನ್ನೊಬ್ಬರದಕ್ಕಿಂತ ಸೊಗಸಾಗಿತ್ತು. ನಮ್ಮಲ್ಲಿ ಒಬ್ಬರೇ ಒಬ್ಬರು ಬೇಡವೆಂದಿದ್ದರೂ ತೀರ್ಮಾನ ಬಿದ್ದುಹೋಗುತ್ತಿತ್ತು. ನನ್ನ ಕೈಗೂ ಬಂತು. “ನನಗೂ ನೋವಾಗಿದೆ,” ಎಂದು ಮುಂದೆ ದಾಟಿಸಿದೆ.

ವಿಶ್ವಾಸವೇ ಬಿರುಕು ಬಿಟ್ಟಮೇಲೆ ಸಹವಾಸವಿಲ್ಲ, ಚಂದವ್ವ ಜಾಗ ಬಿಡಬೇಕು ಎಂದು ತೀರ್ಮಾನವಾಯಿತು. ಆಗ ನಿಶಾ ಕೈಯೆತ್ತಿದಳು. ಸುಗುಣಾರ ಅಣ್ಣನ ಮಗಳು, ವಾಶಿಯಲ್ಲೇ ಹುಟ್ಟಿ ಬೆಳೆದವಳು. ಸಭಾಮನೆಯ ವಿಡಿಯೋ ಮಾಡಿ ಊರಿಗೆಲ್ಲ ತೋರಿಸಿದವಳು. “ಆಂಟಿ, ಆಪ್ಕೇ ರೂಮ್ ಮೇಂ ಭೀ ಸಿಮೆಂಟ್ ಹೈ ಕ್ಯಾ?”

ಕಲ್ಲಿಲ್ಲದ್ದರಿಂದ ಚಂದವ್ವ ಸಂಕರ್ಷಣರ ಮುಖ ನೋಡಿದಳು. ಅವರು ತಲೆಯಾಡಿಸಿದರು.

“ಇಲ್ಲವ್ವ, ನನ್ ಕೋಣ್ಯಾಗ ಸಿಮಿಟ್ ಇಲ್ಲ. ಅದಕ್ಕ್ಯಾಕ ಬೇಕು? ಅದು ನೆಟ್ಟಗ ಕಟ್ಟೀವಿ.”

ಎಲ್ಲರೂ ಎದ್ದು ಮಾವಿನ ಮರದ ಕಡೆ ಹೊರಟೆವು. ಸಂಕರ್ಷಣರು ಕಾರಿನ ಕೀಲಿಯಿಂದ ಗೋಡೆ ಕೆರೆದರು, ಪುಡಿಯನ್ನು ಅಂಗೈಯಲ್ಲಿ ನೆನೆಸಿ ಉಜ್ಜಿದರು, ನಾಲಿಗೆಗೂ ಇಟ್ಟರು. ಅಪ್ಪಟ ಮಣ್ಣು. ಏಳು ಮಳೆಗಾಲ ಕಂಡರೂ ಕೂದಲೆಳೆಯ ಬಿರುಕಿಲ್ಲ. ಅವರ ಮುಖ ಅರಳಿತು.

“ಇದು ನೋಡಿ, ಇದು ನಮ್ಮ ಮೃಣ್ಮಯ!”

ಚಂದವ್ವನ ಮುಖವೂ ಅರಳಿತು. ಕೆರೆದ ಜಾಗಕ್ಕೆ ನೀರು ಚಿಮುಕಿಸಿ ಹೆಬ್ಬೆರಳಿಂದ ತೀಡಿ ಸರಿಮಾಡಿದಳು. “ಹಂಗಾರ ನಾ ಇಲ್ಲೇ ಇರ್ಲೇನ್ರಿ?” ಎಂದು ಕೇಳಿದಳು. ಉತ್ತರ ಕೊಡಲು ಬೇಕಾದ ಕಲ್ಲು ಸಭಾಮನೆಯಲ್ಲೇ ಉಳಿದಿತ್ತು. ನಿಶಾ ಒಳಹೊಕ್ಕು ಕಿಟಕಿಯಿಂದ ಬೆಳಕು ಹೇಗೆ ಬೀಳುತ್ತದೆಂದು ಮೊಬೈಲಿನಲ್ಲಿ ನೋಡುತ್ತಿದ್ದಳು.

ಸಂಕರ್ಷಣರು ಉಗ್ರಾಣಕ್ಕೆ ಹೋಗಿ ಬಂದರು. ಒಂದು ಕೈಯಲ್ಲಿ ಹಲಗೆ, ಇನ್ನೊಂದರಲ್ಲಿ ಬಣ್ಣದ ಡಬ್ಬಿ.

ಡಬ್ಬಿ ಕಂಡದ್ದೇ ತಡ, ಚಂದವ್ವ ಒಳಗೆ ಹೋಗಿ ಬಾಂಡೆ ಕಟ್ಟತೊಡಗಿದಳು. ಯಾರೂ ಹೇಳಬೇಕಾಗಲಿಲ್ಲ.

ಅವಳು ಗಂಟು ಹೊತ್ತು ಹೊರಬರುವಾಗ ಸಂಕರ್ಷಣರು ಹಲಗೆ ಜಡಿಯಲು ಮೊಳೆ ಹಿಡಿದು ನಿಂತಿದ್ದರು. “ಮೊಳಿ ಹೊಡೀಬ್ಯಾಡ್ರಿ, ಬಿರುಕ್ ಬಿಡ್ತದ,” ಎಂದು ಗಂಟು ಇಳಿಸಿದಳು. ಬಾಗಿಲ ಮೇಲೆ ಮಾಪಣ್ಣ ಹೂತಿದ್ದ ಕಟ್ಟಿಗೆಯ ಗೂಟಕ್ಕೆ ತಾನೇ ದಾರ ಬಿಗಿದು, ವಾರೆಯಾಗದಂತೆ ಹಲಗೆ ನೇತುಹಾಕಿದಳು.

“ಏನ್ ಬರ್ದೀರಿ ಇದರಾಗ?”

“ಶುದ್ಧ ಮಣ್ಣಿನ ಮನೆ, ಮೃಣ್ಮಯದವರೇ ಕಟ್ಟಿದ್ದು, ಅಂತ.”

“ಹೌದ್ ಬಿಡ್ರಿ,” ಎಂದಳು ಚಂದವ್ವ. ಸುಗುಣಾ ಕೊಟ್ಟ ಬೇವು ಬೆಲ್ಲವನ್ನು ಬಾಯಿಗೆ ಹಾಕಿಕೊಂಡು, ನಿಶಾಗೆ ವಾರಕ್ಕೆ ಎರಡು ಸಲ ಸಾರಿಸಬೇಕೆಂದು ಹೇಳಿ, ಹನ್ನೊಂದೂವರೆಯ ಕಲ್ಯಾಣ ಬಸ್ಸಿಗೆ ನಡೆದಳು.

ನಾವು ಸಭಾಮನೆಗೆ ಮರಳಿ ಗೋಡೆಗೆ ಬೆನ್ನು ಹಚ್ಚಿ ಕೂತೆವು. ಗಟ್ಟಿಯಾಗಿತ್ತು.