ನಾಲ್ಕು ಹೆಗಲಿನ ಹೊರಸು

ಸತೀಶಕುಮಾರ ಮಾಸ್ತರರು ಬನ್ನಿಗಿಡದ ವಸ್ತಿಯ ಶಾಲೆಗೆ ವರ್ಗವಾಗಿ ಬಂದ ದಿನ ಮಳೆ ಬಿಟ್ಟು ಬಿಟ್ಟು ಹೊಯ್ಯುತ್ತಿತ್ತು. ಮುಡಬಿಯಿಂದ ಕರೆತಂದ ಆಟೋದವನು ಅವರನ್ನು ಡಾಂಬರು ರಸ್ತೆಯ ಅಂಚಿನಲ್ಲಿ ಇಳಿಸಿ, "ಮುಂದ ನಿಮ್ಮ ಕಾಲು, ನಿಮ್ಮ ನಸೀಬರಿ ಸರ್" ಎಂದು ಹೇಳಿ ತಿರುಗಿ ಹೋದ. ಅಲ್ಲಿಂದ ವಸ್ತಿಯವರೆಗೆ ಎರೆಹೊಲಗಳ ನಡುವಿನ ದಾರಿ. ಹೆಜ್ಜೆಹೆಜ್ಜೆಗೂ ಮಣ್ಣು ಚಪ್ಪಲಿಯನ್ನು ಕಚ್ಚಿ ಹಿಡಿಯುತ್ತಿತ್ತು. ಕೊನೆಗೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಅವರು ವಸ್ತಿಯನ್ನು ಸೇರಿದಾಗ ಮೊದಲನೆಯ ಮನೆಯ ಮುಂದೆ ಐವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಳು. ಅವಳು ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ.

"ಮಾಸ್ತರ್, ನಿಮ್ಮ ತೂಕ ಎಷ್ಟದರಿ?"

ಮಾಸ್ತರರು ಗಲಿಬಿಲಿಗೊಂಡರು. "ಅರವತ್ತರ ಮ್ಯಾಲ ಇರಬೇಕ್ರಿ."

"ಛಲೋ ಆತು. ಭಾಳ ದಣಿದೀರಿ. ಇದರ ಮ್ಯಾಲ ಜರಾ ಅಡ್ಡಾಗ್ರಿ."

ಅವಳು ತೋರಿಸಿದ್ದು ಒಂದು ಹೊರಸು, ನವಾರಿನ ಪಟ್ಟಿಯಿಂದ ಹೆಣೆದ ಹಗುರವಾದ ಮಂಚ. ಅದರ ಎರಡೂ ಬದಿಗೆ ಉದ್ದನೆಯ ಬಿದಿರಿನ ಗಳುಗಳನ್ನು ಬಿಗಿದಿದ್ದರು. ಮಾಸ್ತರರು ಅದೇನೆಂದು ವಿಚಾರಿಸುವ ಸ್ಥಿತಿಯಲ್ಲಿರಲಿಲ್ಲ. ಬೆನ್ನು ಚಾಚಿ ಕಣ್ಣು ಮುಚ್ಚಿದರು. ಮರುಗಳಿಗೆಯಲ್ಲಿ ಹೊರಸು ನೆಲವನ್ನು ಬಿಟ್ಟು ಮೇಲಕ್ಕೆದ್ದಿತು. ಒಂದು ತುದಿಗೆ ಆ ಹೆಣ್ಣುಮಗಳು, ಇನ್ನೊಂದಕ್ಕೆ ಅವಳ ಮೈದುನ ಅಶೋಕಕುಮಾರ, ಹಿಂದೆ ಕಳೆ ತೆಗೆಯಲು ಬೇರೆ ಊರಿನಿಂದ ಬಂದಿದ್ದ ಇಬ್ಬರು ಆಳುಗಳು. ಅದೇ ಹೊತ್ತಿಗೆ ಒಳಗಿನಿಂದ ಅವಳ ಅತ್ತೆ ಪಾರ್ವತಿಬಾಯಿ ಹೊರಗೆ ಬಂದರು. ನಾಲ್ಕು ಹೆಗಲಿನ ಮೇಲೆ ಕಣ್ಣು ಮುಚ್ಚಿ ಮಲಗಿದ್ದ ಅಪರಿಚಿತನನ್ನು ಕಂಡು ಎದೆ ಎದೆ ಬಡಿದುಕೊಂಡರು.

"ಅಯ್ಯಯ್ಯ, ಯಾರ ಮಗನೋ ಏನೋ, ಬಂದ ದಿನಾನೇ ಹೋದ್ಯಲ್ಲೋ ನನ್ನಪ್ಪ."

ಮಾಸ್ತರರು ಧಡಕ್ಕನೆ ಎದ್ದು ಕುಳಿತರು. "ಹೋಗಿಲ್ರಿ ಅವ್ವ, ಈಗ ಬಂದೀನಿ."

ಹೆಣ್ಣುಮಗಳು ಹೊರಸನ್ನು ಇಳಿಸಿ ಹಣೆಗೆ ಕೈ ಹಚ್ಚಿಕೊಂಡಳು. "ನೋಡ್ರಿ ಮಾಸ್ತರ್, ಇಂಥ ಮಂದಿ ನಡುವ ನಾ ಬಾಳೇವು ಮಾಡಾಕತ್ತೀನಿ."

ಇವಳೇ ಕೇಶರಬಾಯಿ.

ಕೇಶರಬಾಯಿಯ ತವರು ಹುಮನಾಬಾದ. ಹೆದ್ದಾರಿಗೆ ಹೊಂದಿದ ಓಣಿಯಲ್ಲಿ ಅವಳು ಬೆಳೆದಳು. ಅಲ್ಲಿ ಯಾರಿಗಾದರೂ ಎದೆ ನೋವೆಂದರೆ ಬಾಗಿಲಲ್ಲಿ ನಿಂತು ಕೈ ಎತ್ತಿದರೆ ಸಾಕು, ಯಾವುದಾದರೊಂದು ಗಾಡಿ ನಿಲ್ಲುತ್ತಿತ್ತು. ಬಂಡೆಪ್ಪನನ್ನು ಮದುವೆಯಾಗಿ ವಸ್ತಿಗೆ ಬಂದ ಮೊದಲ ಮಳೆಗಾಲದಲ್ಲಿಯೇ, ಇಲ್ಲಿ ಕೈ ಎತ್ತಿದರೆ ಕೊಕ್ಕರೆ ಮಾತ್ರ ಹಾರುತ್ತದೆಂಬುದು ಅವಳಿಗೆ ತಿಳಿಯಿತು. ಅಂದಿನಿಂದ ಅವಳ ಬಂದೋಬಸ್ತು ಶುರುವಾಯಿತು. ಟಾರ್ಚು, ಹಗ್ಗ, ಕಾಯಿಸಿದ ನೀರಿನ ಕೊಡ, ಜ್ವರದ ಗುಳಿಗೆ, ಒಗೆದು ಮಡಿಚಿಟ್ಟ ಹಳೆಯ ಸೀರೆಯ ಪಟ್ಟಿಗಳು ಇವೆಲ್ಲವೂ ಒಂದು ತಗಡಿನ ಪೆಟ್ಟಿಗೆಯನ್ನು ಸೇರಿದವು. ವಸ್ತಿಯ ಜನ ನಕ್ಕರು. ನಗುತ್ತಲೇ ಟಾರ್ಚನ್ನು ಹೊಲಕ್ಕೆ ನೀರು ಹಾಯಿಸಲು ಒಯ್ದರು, ಹಗ್ಗವನ್ನು ಎಮ್ಮೆ ಕಟ್ಟಲು ಒಯ್ದರು. ಕೇಶರಬಾಯಿ ಮನೆಮನೆಗೆ ಹೋಗಿ ಬೈದು ಅವುಗಳನ್ನು ಮರಳಿ ತರುತ್ತಿದ್ದಳು. ಅಲ್ಲಿಯವರೆಗೆ ಎಲ್ಲವೂ ಸಹಿಸುವಂಥದ್ದೇ ಆಗಿತ್ತು.

ಸಹಿಸಲಾಗದ್ದು ಅವಳ ಮಾವ ಹೋದ ರೀತಿ. ಅದೂ ಮಳೆಗಾಲವೇ. ಮುಂಜಾನೆ ಮಾವನವರು ದನದ ಕೊಟ್ಟಿಗೆಯಲ್ಲಿ ಬಿದ್ದರು. ಒಂದು ಕೈ, ಒಂದು ಕಾಲು ಸ್ವಾಧೀನ ತಪ್ಪಿತು. ಎತ್ತಿನ ಗಾಡಿಯಲ್ಲಿ ಮಲಗಿಸಿ ಹೊರಟರು. ಅರ್ಧ ದಾರಿಯಲ್ಲಿ ಗಾಲಿ ಅಚ್ಚಿನವರೆಗೆ ಹೂತಿತು. ಎತ್ತುಗಳನ್ನು ಹೊಡೆದರು, ಕಲ್ಲು ತಂದು ಹಾಕಿದರು, ಸಲಿಕೆಯಿಂದ ಮಣ್ಣು ತೆಗೆದರು. "ಗಾಡಿ ಬಿಡ್ರಿ, ಹೊರಸು ತಂದು ಹೊತ್ತುಕೊಂಡು ಹೋಗ್ರಿ" ಎಂದು ಕೇಶರಬಾಯಿ ಬೇಡಿಕೊಂಡಳು. "ಜೀವಂತ ಮನಿಷ್ಯಾನ್ನ ಮಲಗಿಸಿ ನಾಲ್ಕು ಮಂದಿ ಹೊರತಾರೇನು? ಬುದ್ಧಿ ಅದನಾ ನಿನಗ?" ಎಂದು ಹಿರಿಯರು ಗದರಿದರು. ಗಾಲಿ ಮೇಲೆ ಬರುವ ಹೊತ್ತಿಗೆ ಮಾವನವರ ಉಸಿರು ನಿಂತಿತ್ತು. ಮರುದಿನ ಅವೇ ನಾಲ್ಕು ಹೆಗಲುಗಳು ಅವರನ್ನು ಮಲಗಿಸಿಕೊಂಡು ಅದೇ ಕೆಸರಿನಲ್ಲಿ ಎಲ್ಲಿಯೂ ನಿಲ್ಲದೆ ಹೋದವು. ಆ ದಿನ ಬೇಡವೆಂದವರು ಒಬ್ಬರೂ ಇರಲಿಲ್ಲ.

ಹೊರಸಿಗೆ ಬಿದಿರು ಬಿಗಿಸಿದ್ದು ಆ ಮೇಲೆ. ಆದರೆ ಅದರ ಮೇಲೆ ಮಲಗಲು ಒಬ್ಬರಾದರೂ ಬರಬೇಕಲ್ಲ. ಮಲಗಿದರೆ ತೂಕ ತಿಳಿಯುತ್ತದೆ, ಗಂಟು ಎಲ್ಲಿ ಸಡಿಲವಿದೆ ಎಂಬುದು ತಿಳಿಯುತ್ತದೆ. ಯಾರನ್ನು ಕರೆದರೂ, "ಅದು ಚಟ್ಟ ಇದ್ದಂಗ ಅದವ್ವ" ಎಂದು ದೂರ ಸರಿಯುತ್ತಿದ್ದರು. ಏನೂ ತಿಳಿಯದ ಮಾಸ್ತರರು ಸಿಗುವವರೆಗೆ ಅವಳು ಜೋಳದ ಚೀಲವನ್ನೇ ಮಲಗಿಸಿ ಎತ್ತಿಸಿ ನೋಡಿದ್ದಳು.

ಮಲಗುವುದು ಬೇಡವೆಂದರೆ ಕುಳಿತಾದರೂ ಬರಲಿ ಎಂದು ಅವಳು ಹುಮನಾಬಾದದಿಂದ ಕೈಯಿರುವ ಗಟ್ಟಿ ಕುರ್ಚಿಯೊಂದನ್ನು ತಂದು, ಅದಕ್ಕೂ ಗಳು ಕಟ್ಟಿಸಿದಳು. ಪಕ್ಕದ ಮನೆಯ ಬಸವಣಪ್ಪನವರ ಹೆಂಡತಿ ಲಲಿತಾಬಾಯಿ ಬಂದು ನೋಡಿ ಮುಖ ಸಿಂಡರಿಸಿದರು.

"ಇದೇನು ತಂಗಿ, ನಮ್ಮನ್ನ ಕೂಡಿಸಿ ಕಳಸಾಕ ತಯಾರಿ ಮಾಡೀದಿ?"

ಬಸವಣಪ್ಪನವರದು ಲಿಂಗಾಯತ ಮನೆತನ. ಅವರಲ್ಲಿ ತೀರಿಕೊಂಡವರನ್ನು ಕುಳ್ಳಿರಿಸಿಯೇ ಹೊರುವ ಪದ್ಧತಿ. ಕೇಶರಬಾಯಿಗೆ ಇದು ಹೊಳೆದೇ ಇರಲಿಲ್ಲ.

"ಲಲಿತಕ್ಕ, ನಿಮಗ ಕೂತರ ಆಗಂಗಿಲ್ಲ. ನಮ್ಮವರಿಗಿ ಮಲಗಿದರ ಆಗಂಗಿಲ್ಲ. ಹಾಂಗಾದ್ರ ಜಡ್ಡಾದವರು ನಿಂತಕೊಂಡು ದವಾಖಾನಿಗಿ ಹೋಗಬೇಕೇನು?"

"ಜಡ್ಡ ಯಾಕ ಆಗಬೇಕು? ಒಳ್ಳೇದು ಮಾತಾಡು" ಎಂದು ಲಲಿತಾಬಾಯಿ ಎದ್ದು ಹೋದರು.

ಬಂಡೆಪ್ಪ ಹೆಂಡತಿಯ ಪರವಾಗಿಯೂ ಮಾತನಾಡಲಿಲ್ಲ, ವಿರುದ್ಧವಾಗಿಯೂ ಮಾತನಾಡಲಿಲ್ಲ. ಆ ಹೊರಸಿನ ಕಡೆಗೆ ಅವನು ನೋಡುತ್ತಲೇ ಇರಲಿಲ್ಲ, ಅಷ್ಟೆ. ಕುರ್ಚಿ ಮಾಸ್ತರರ ಶಾಲೆಯನ್ನು ಸೇರಿತು. ಹೊರಸು ಜಂತಿಯ ಕೆಳಗೆ ಉಳಿಯಿತು.

ಹೋದ ವರ್ಷ ಶ್ರಾವಣದ ಒಂದು ಬೆಳಿಗ್ಗೆ ಕೇಶರಬಾಯಿ ಎಮ್ಮೆಗೆ ಮೇವು ಹಾಕಲು ಜೋಳದ ಕಣಿಕೆಯ ಬಣವೆಗೆ ಹೋದಳು. ಸೂಡು ಎಳೆದಾಗ ಪಾದದ ಗಂಟಿನ ಮೇಲೆ ಚುಚ್ಚಿದಂತಾಯಿತು. ದಪ್ಪನೆಯ ಮಂಡಲದ ಹಾವು ಬಣವೆಯ ಕೆಳಗೆ ಸರಿದು ಹೋಗುವುದನ್ನು ಅವಳು ಕಣ್ಣಾರೆ ಕಂಡಳು. ಓಡಲಿಲ್ಲ. ಅಲ್ಲಿಯೇ ಕುಳಿತು ಕೂಗಿದಳು. ಹಾವು ಕಚ್ಚಿದವರು ನಡೆಯಬಾರದು, ಕಾಲನ್ನು ಅಲುಗಿಸಬಾರದು, ಕೊಯ್ಯಬಾರದು, ಬಿಗಿದು ಕಟ್ಟಬಾರದು ಎಂದು ಆಶಾ ಕಾರ್ಯಕರ್ತೆ ಅನ್ವರಿ ಮುಡಬಿಯಲ್ಲಿ ಹೇಳಿದ್ದನ್ನು ಅವಳು ವಸ್ತಿಗೆಲ್ಲ ಸಾರಿ ಸಾರಿ ಹೇಳಿದ್ದಳು. ಈಗ ಓಡಿ ಬಂದವರಲ್ಲಿ ಒಬ್ಬನ ಕೈಯಲ್ಲಿ ಬ್ಲೇಡು, ಇನ್ನೊಬ್ಬನ ಕೈಯಲ್ಲಿ ಸುತಳಿ.

"ನಾ ಇಷ್ಟು ದಿನ ಗ್ವಾಡಿಗಿ ಹೇಳಿದೆನೇನೋ? ಒಗೀರಿ ಅದನ್ನ. ಒಂದು ಕೋಲು ತರ್ರಿ, ಸೀರಿ ಪಟ್ಟಿ ತರ್ರಿ. ಸಡ್ಲಾಗಿ ಕಟ್ಟರಿ, ಕಾಲು ಅಲುಗಾಡದಂಗ."

ಮಾಸ್ತರರು ಶಾಲೆಯ ಕಟ್ಟೆಯ ಮೇಲೆ ನಿಂತು ಆಂಬುಲೆನ್ಸಿಗೆ ಫೋನು ಮಾಡಿದರು. ಗಾಡಿ ಡಾಂಬರು ರಸ್ತೆಯವರೆಗೆ ಬರುತ್ತದೆ, ಅಲ್ಲಿಗೆ ಕರೆತನ್ನಿ ಎಂಬ ಉತ್ತರ ಬಂದಿತು. ಬಂಡೆಪ್ಪ ಮೋಟರ್ ಸೈಕಲ್ ತೆಗೆದ. ಅದು ಅಂಗಳ ದಾಟುವುದರೊಳಗೆ ಕೆಸರಿನಲ್ಲಿ ನಿಂತಿತು. ಕೇಶರಬಾಯಿ ಜಂತಿಯ ಕಡೆಗೆ ಕೈ ತೋರಿಸಿದಳು. ಅಶೋಕಕುಮಾರ ಹೊರಸನ್ನು ಎಳೆಯಲು ಹೋದರೆ ಅದರ ಮೇಲೆ ಯೂರಿಯಾ ಚೀಲಗಳನ್ನು ಪೇರಿಸಿದ್ದರು. ಅವನ್ನು ಇಳಿಸಿ, ಹೊರಸನ್ನು ತಂದು ಅವಳನ್ನು ಮಲಗಿಸಿದರು. ಆಗ ಪಾರ್ವತಿಬಾಯಿ ಅಡ್ಡ ನಿಂತರು.

"ಮುತ್ತೈದಿ ಹೆಣ್ಣುಮಗಳು. ಗಂಡ ಎದುರಿಗಿ ನಿಂತಾನ. ಅವಳನ್ನ ಹಿಂಗ ನನ್ನ ಮನಿ ಮುಂದಿಂದ ಒಯ್ಯಬ್ಯಾಡ್ರಿ."

"ಅತ್ತೀ, ನಾ ಸತ್ತರ ಹ್ಯಾಂಗೂ ಹಿಂಗೇ ಒಯ್ಯತಾರ. ಅದಕ್ಕಿಂತ ಮೊದಲ ಒಯ್ದರ ದವಾಖಾನಿಯಾದ್ರೂ ಸಿಗತದ."

ಬಂಡೆಪ್ಪ ಗಳುವಿನ ತುದಿಯನ್ನು ಹಿಡಿದಿದ್ದ, ಎತ್ತುತ್ತಿರಲಿಲ್ಲ. "ನನ್ನ ಕೈಲಿ ಆಗವಲ್ತು" ಎಂದ. ತಂದೆಯನ್ನು ಹೊತ್ತ ದಿನ ಅವನು ಹಿಡಿದಿದ್ದೂ ಬಲಗಡೆಯ ತುದಿಯನ್ನೇ. ಅವನು ಹೊರಸಿನ ಕಡೆಗೆ ನೋಡದಿರುವುದನ್ನು ಇಷ್ಟು ವರ್ಷ ಮೊಂಡುತನವೆಂದೇ ತಿಳಿದು ಬೈದಿದ್ದ ಕೇಶರಬಾಯಿಗೆ ಆ ಗಳಿಗೆಯಲ್ಲಿ ಬೈಗುಳ ಬಾಯಿಗೆ ಬರಲಿಲ್ಲ.

ಬೇಲಿ ದಾಟಿ ಬಸವಣಪ್ಪನವರು ಬಂದರು. ಧೋತರವನ್ನು ಮೇಲೆ ಕಟ್ಟಿಕೊಂಡು ಮುಂದಿನ ಎಡತುದಿಗೆ ಹೆಗಲು ಕೊಟ್ಟರು. "ನಮ್ಮಲ್ಲಿ ಹೋದವರು ಕೂಡತಾರ, ಮಲಗಂಗಿಲ್ಲ. ನನ್ನ ಕಣ್ಣಿಗಿ ಇದು ಬರೇ ಹೊರಸು. ಹಿಂದ ಯಾರು ಹಿಡೀತೀರಿ, ಬರ್ರಿ."

ಅಶೋಕಕುಮಾರನೂ ಮಾಸ್ತರರೂ ಹಿಂದೆ ನಿಂತರು. ಬಲತುದಿ ಬಂಡೆಪ್ಪನ ಕೈಯಲ್ಲಿಯೇ ಇತ್ತು. ಎಲ್ಲರೂ ಮುದುಕಿಯ ಮುಖವನ್ನು ನೋಡಿದರು. ಪಾರ್ವತಿಬಾಯಿ ಸೊಸೆಯ ಬಾತ ಕಾಲನ್ನು ಒಮ್ಮೆ ನೋಡಿದರು.

"ಹಾಂಗಾದ್ರ ಒಂದು ಮಾತು ಕೇಳು. ಗಾಡಿ ಮುಟ್ಟೋತನಕ ಬಾಯಿ ಮುಚ್ಚಬ್ಯಾಡ. ಹೆಣ ಮಾತಾಡಂಗಿಲ್ಲ. ನೀ ಮಾತಾಡಿಕೋತ ಹೋದರ ಇದು ಚಟ್ಟ ಅಲ್ಲ."

"ಇಷ್ಟು ವರ್ಷ ಬಾಯಿ ಮುಚ್ಚು ಅಂದ್ರಿ, ಈಗ ತೆಗಿ ಅಂತೀರಿ."

"ಹೂಂ, ತೆಗಿ. ಯಾರಿಗಿ ಬೇಕು ಅವರಿಗಿ ಬೈಯಿ. ನನಗೂ ಬೈಯಿ." ಎಂದು ಅವರು ಪಕ್ಕಕ್ಕೆ ಸರಿದರು.

ಬಂಡೆಪ್ಪ ಎತ್ತಿದ.

ಕೆಳಗಿನಿಂದ ನೋಡಿದಾಗ ಕೇಶರಬಾಯಿಗೆ ಕಂಡದ್ದು ನಾಲ್ಕು ಗದ್ದಗಳು, ಅವುಗಳ ಮೇಲೆ ಬೂದಿ ಬಣ್ಣದ ಆಕಾಶ. ಯಾರೂ ಅವಳತ್ತ ನೋಡುತ್ತಿರಲಿಲ್ಲ. ಎಲ್ಲರೂ ದಾರಿ ನೋಡುತ್ತಿದ್ದರು. ಸತ್ತವರಿಗೂ ಹೀಗೆಯೇ ಇರುತ್ತದೆ ಎಂದು ಅವಳಿಗೆ ಅನಿಸಿತು. ಜನ ಯಾಕೆ ಅಂಜುತ್ತಿದ್ದರೆಂಬುದು ಮೊದಲ ಸಲ ಅವಳಿಗೆ ತಿಳಿಯಿತು. ನಾಲಿಗೆ ಒಣಗಿತು. ಹೆಗಲುಗಳ ನಡಿಗೆ ನಿಧಾನವಾಯಿತು.

"ಏ, ಯಾಕ ಸುಮ್ಮನಾದಿ?" ಬಂಡೆಪ್ಪನ ದನಿ ಒಡೆದಿತ್ತು. "ಏನಾರ ಅನ್ನು."

ಕೇಶರಬಾಯಿ ಉಸಿರು ಎಳೆದುಕೊಂಡಳು. "ನನ್ನ ಹೊರಸಿನ ಮ್ಯಾಲ ಯೂರಿಯಾ ಇಟ್ಟವರು ಯಾರ್ರಿ?"

ಅಷ್ಟು ಸಾಕಾಯಿತು. ಅಶೋಕಕುಮಾರನ ಸೋಮಾರಿತನ, ಬಸವಣಪ್ಪನವರ ಬೇಲಿ ಪ್ರತಿ ವರ್ಷ ಒಂದು ಗೇಣು ಈಚೆ ಬರುವುದು, ಮಾಸ್ತರರು ಹೆಗಲು ತಗ್ಗಿಸುತ್ತಿರುವುದು ಎಲ್ಲವೂ ಹೊರಬಂದವು. ಅರ್ಧ ದಾರಿಯಲ್ಲಿ ಮುಡಬಿಯ ಕಡೆಯಿಂದ ಹೊಲಕ್ಕೆ ಬರುತ್ತಿದ್ದ ಮೂರು ಜನ ಹೊರಸನ್ನು ಕಂಡು ಪಕ್ಕಕ್ಕೆ ನಿಂತು, ತಲೆಯ ಟವೆಲ್ ತೆಗೆದು ಕೈ ಮುಗಿದರು.

"ಇನ್ನೂ ಅದೀನಿ" ಎಂದಳು ಕೇಶರಬಾಯಿ ಮಲಗಿದಲ್ಲಿಂದಲೇ. "ಕೈ ಮುಗಿಯೋದು ಬಿಟ್ಟು ಹೆಗಲು ಕೊಡ್ರಿ. ನಮ್ಮ ಮಾಸ್ತರ್ ಬೀಳಾಕತ್ತಾರ."

ಆ ಮೂವರು ಬೆಚ್ಚಿ, ಆಮೇಲೆ ಓಡಿ ಬಂದು ಗಳು ಹಿಡಿದರು. ಡಾಂಬರು ರಸ್ತೆಯಲ್ಲಿ ಆಂಬುಲೆನ್ಸು ನಿಂತಿತ್ತು. ತಾಲ್ಲೂಕು ಕೇಂದ್ರವಾದ ಕಲ್ಯಾಣದ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವಳ ವಸಡಿನಿಂದ ರಕ್ತ ಒಸರುತ್ತಿತ್ತು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು, ನಡೆಸದೆ ತಂದದ್ದು ಒಳ್ಳೆಯದಾಯಿತು ಎಂದು ಡಾಕ್ಟರು ಬಂಡೆಪ್ಪನಿಗೆ ಹೇಳಿದರು. ಅವನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಬಹಳ ಹೊತ್ತು ಅತ್ತನೆಂದು ಮಾಸ್ತರರು ಇಂದಿಗೂ ಹೇಳುತ್ತಾರೆ. ಅವನು ಇಲ್ಲವೆನ್ನುತ್ತಾನೆ.

ಇತ್ತೀಚೆಗೆ ಮಾಸ್ತರರು ನಿವೃತ್ತರಾಗಿದ್ದಾರೆ. ಆಗಾಗ ವಸ್ತಿಗೆ ಬಂದು ಹೋಗುತ್ತಾರೆ. ಕೇಶರಬಾಯಿಯ ಕಾಲು ಮಳೆಗಾಲದಲ್ಲಿ ಸ್ವಲ್ಪ ನೋಯುವುದನ್ನು ಬಿಟ್ಟರೆ ಅವಳು ಗಟ್ಟಿಯಾಗಿದ್ದಾಳೆ. ಪ್ರತಿ ಅಮಾವಾಸ್ಯೆ, ಎತ್ತು ಹೂಡದ ದಿನ, ಅವಳು ವಸ್ತಿಯವರನ್ನೆಲ್ಲ ಸೇರಿಸಿ ಹೊರಸು ಎತ್ತಿಸುತ್ತಾಳೆ. ಈಗ ಮಲಗಲು ಯಾರೂ ಹಿಂಜರಿಯುವುದಿಲ್ಲ. ತೊಂದರೆ ಬೇರೆ ಕಡೆಯಿಂದ ಬಂದಿದೆ. ಕಾಲು ಅಲುಗಬಾರದು ಎಂದದ್ದನ್ನು ಎಲ್ಲರೂ ಮರೆತಿದ್ದಾರೆ, ಬ್ಲೇಡು ಹಿಡಿಯಬಾರದು ಎಂದದ್ದನ್ನು ಅರ್ಧ ಜನ ಮರೆತಿದ್ದಾರೆ, ಆಂಬುಲೆನ್ಸಿನ ನಂಬರು ಕೇಳಿದರೆ ಒಬ್ಬರ ಮುಖವನ್ನು ಒಬ್ಬರು ನೋಡುತ್ತಾರೆ. ಮಾತನಾಡುತ್ತ ಹೋಗಬೇಕು ಎಂಬುದೊಂದು ಮಾತ್ರ ಎಲ್ಲರಿಗೂ ಬಾಯಿಪಾಠವಾಗಿದೆ.

ಹೋದ ಅಮಾವಾಸ್ಯೆ ಲಲಿತಾಬಾಯಿಯವರ ಸರದಿ. ವಸ್ತಿಯ ಅಂಚಿನ ಬೇವಿನ ಮರದಿಂದ ಹೊರಟವರು ಮೊದಲ ತಿರುವಿಗೆ ಬರುವಷ್ಟರಲ್ಲಿ ಅವರು ಹೊರಸಿನ ಮೇಲೆ ಎದ್ದು ಕುಳಿತಿದ್ದರು.

"ಲಲಿತಕ್ಕ, ಮಲಗ್ರಿ. ನಿಮಗ ಹಾವು ಕಡದದ."

"ಇರು ತಂಗಿ, ಮ್ಯಾಲಿಂದ ಎಲ್ಲಾರ ತೊಗರಿ ಛಲೋ ಕಾಣಾಕತ್ತದ. ನಿಮ್ಮ ಅಶೋಕನ ಹೊಲದಾಗ ಎಷ್ಟು ಕಸ ಬೆಳದದ ನೋಡು."

"ಏನ್ರಿ ದೊಡ್ಡಮ್ಮ, ನಿಮ್ಮನ್ನ ಹೊತ್ತವ ನಾನು" ಎಂದ ಹಿಂದಿನ ತುದಿಯಿಂದ ಅಶೋಕಕುಮಾರ. ಹೊತ್ತವರೆಲ್ಲ ನಿಂತು ಅವನ ಹೊಲದ ಕಸ ನೋಡತೊಡಗಿದರು.

ಕೇಶರಬಾಯಿ ಕೆಸರಿನಲ್ಲಿ ಮೊಣಕಾಲಿನವರೆಗೆ ನಿಂತು ಅವರನ್ನೆಲ್ಲ ನೋಡಿದಳು.

"ಇಳಸ್ರಿ" ಎಂದಳು. "ಬೇವಿನ ಗಿಡದಿಂದ ಮತ್ತ ಶುರು ಮಾಡ್ರಿ."